ಕ್ಲೌದ್ಯ ಚಕ್ರವರ್ತಿಯೂ ಎಟ್ರುಸ್ಕರ ಚರಿತ್ರೆಯೂ

ನಮ್ಮ ಶಾಲೆಯಲ್ಲಿ ಓದಿದವರಾರೂ ಸತ್ಯವೇದದ ಪಾಠದ ಗಂಟೆಯನ್ನು ಮರೆತಿರಲಾರರು. ಅಪೊಸ್ತಲರ ಕೃತ್ಯಗಳನ್ನು ಓದುತ್ತ, ಪೌಲನು ಸಂಚರಿಸಿದ ಊರುಗಳನ್ನು ನಕ್ಷೆಯಲ್ಲಿ ಹುಡುಕುತ್ತ ಹೋಗುವಾಗ ಕ್ಲೌದ್ಯನೆಂಬ ಚಕ್ರವರ್ತಿಯ ಹೆಸರು ಎರಡು ಸಾರಿ ನಮ್ಮ ಕಣ್ಣಿಗೆ ಬಿದ್ದಿತ್ತು. ಅಗಬನು ಮುಂತಿಳಿಸಿದ ದೊಡ್ಡ ಬರಗಾಲವು ಈತನ ಆಳಿಕೆಯಲ್ಲಿ ಉಂಟಾಯಿತೆಂದು ಒಂದು ಕಡೆ; ಯೆಹೂದ್ಯರನ್ನು ಈತನು ರೋಮಾಪುರದಿಂದ ಹೊರಡಿಸಿದ್ದರಿಂದಲೇ ಅಕ್ವಿಲನೂ ಅವನ ಹೆಂಡತಿ ಪ್ರಿಸ್ಕಿಲ್ಲಳೂ ಕೊರಿಂಥಕ್ಕೆ ಬಂದು ನೆಲೆಸಿದರೆಂದು ಇನ್ನೊಂದು ಕಡೆ. ಆ ಮಾತುಗಳನ್ನು ಓದಿ ಮುಂದಕ್ಕೆ ಹೋದೆವೇ ಹೊರತು ಈತನು ಯಾರೆಂದು ನಾವು ಕೇಳಲಿಲ್ಲ.

ರೋಮಿನ ಚಕ್ರವರ್ತಿಗಳಲ್ಲಿ ನಾಲ್ಕನೆಯವನಾದ ಈತನು ಸಿಂಹಾಸನಕ್ಕೆ ಬರುವುದಕ್ಕೆ ಮುಂಚೆ ಐವತ್ತು ವರುಷ ಕಾಲ ಸ್ವಂತ ಮನೆಯವರಿಂದಲೇ ಮಂದಮತಿಯೆಂದು ಎಣಿಸಲ್ಪಟ್ಟಿದ್ದನು. ಹಾಗೆ ಮೂಲೆಗೆ ತಳ್ಳಲ್ಪಟ್ಟಿದ್ದ ಕಾಲದಲ್ಲಿ ಅವನು ಕೈಗೊಂಡ ವಿದ್ಯೆಯಲ್ಲಿ ಒಂದು ಅಪೂರ್ವವಾದದ್ದು. ರೋಮಿಗಿಂತ ಮೊದಲು ಇಟಲಿ ದೇಶದಲ್ಲಿ ಪಟ್ಟಣಗಳನ್ನು ಕಟ್ಟಿ ಬಾಳಿದವರೂ, ರೋಮನರಿಗೆ ನಾಗರಿಕತೆಯ ಓನಾಮವನ್ನು ತಿದ್ದಿಸಿದವರೂ, ಕಡೆಗೆ ಆ ಶಿಷ್ಯರಿಂದಲೇ ಮರೆಯಲ್ಪಟ್ಟವರೂ ಆದ ಎಟ್ರುಸ್ಕರೆಂಬ ಜನರ ಚರಿತ್ರೆಯನ್ನು ಅವನು ೨೦ ಸುರುಳಿಗಳಲ್ಲಿ ಬರೆದನು. ಆತನ ಜೀವಿತವನ್ನೂ ಆ ಜನರ ಕಥೆಯನ್ನೂ ಕೂಡಿಸಿ ಹೇಳಬೇಕೆಂಬುದು ನಮ್ಮ ಉದ್ದೇಶ.

ಕ್ಲೌದ್ಯನು ಕ್ರಿ. ಪೂ. ೧೦ನೆಯ ವರುಷದಲ್ಲಿ, ಆಗಸ್ಟ್ ತಿಂಗಳ ಮೊದಲನೆಯ ದಿನ, ಗಾಲ್ ದೇಶದ ಲುಗ್ದುನಮ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಈಗಿನ ಫ್ರಾನ್ಸ್ ದೇಶದ ಲಿಯಾನ್ ನಗರವೇ ಅದು. ತಂದೆ ದ್ರೂಸನು ಔಗುಸ್ತ ಚಕ್ರವರ್ತಿಯ ಪತ್ನಿಯಾದ ಲಿವಿಯಳಿಗೆ ಮೊದಲನೆಯ ಗಂಡನಿಂದ ಹುಟ್ಟಿದ ಮಗನು. ತಾಯಿ ಅಂತೋನಿಯಳು ಔಗುಸ್ತನ ಸ್ವಂತ ಅಕ್ಕನ ಮಗಳು. ಹೀಗೆ ಎರಡು ಕಡೆಯಿಂದಲೂ ಅರಮನೆಗೆ ಸೇರಿದ ಕೂಸು ಅದು. ಆದರೆ ಅದಕ್ಕೆ ಎರಡು ವರುಷ ತುಂಬುವುದರೊಳಗೆ ತಂದೆಯು ಜರ್ಮನಿಯ ದಂಡಯಾತ್ರೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡನು. ಅಣ್ಣನಾದ ಜರ್ಮಾನಿಕನು ರೂಪವಂತನೂ ಶೂರನೂ ಆಗಿ ಬೆಳೆದು ಜನರ ಕಣ್ಮಣಿಯಾದನು. ತಮ್ಮನಾದರೋ ಒಂದಲ್ಲ ಒಂದು ಬೇನೆಯಿಂದ ನರಳುತ್ತ, ಒಂದು ಕಾಲನ್ನು ಎಳೆಯುತ್ತ, ತಲೆಯು ನಡುಗುತ್ತ, ಮಾತು ಉಗ್ಗುತ್ತ ಬೆಳೆದನು. ಹುಟ್ಟುವಾಗಲೇ ಮೆದುಳಿಗೆ ತಗಲಿದ ಹಾನಿಯಿಂದ ಹೀಗಾಗಿರಬಹುದೆಂದು ಈಗಿನ ವೈದ್ಯರಲ್ಲಿ ಕೆಲವರು ಊಹಿಸುತ್ತಾರೆ. ಹಾಗಾಗಿದ್ದರೆ ಬುದ್ಧಿಗೂ ಅದಕ್ಕೂ ಸಂಬಂಧವಿರಲಿಲ್ಲವೆಂಬುದು ಅವನ ಮುಂದಿನ ಕೆಲಸಗಳಿಂದಲೇ ಗೊತ್ತಾಗುತ್ತದೆ.

ಆ ಕಾಲದ ರೋಮನರು ಹಾಗೆ ಎಣಿಸಲಿಲ್ಲ. ಹೆತ್ತ ತಾಯಿಯೇ ಅವನನ್ನು ಪ್ರಕೃತಿಯು ಆರಂಭಿಸಿ ಅರ್ಧಕ್ಕೆ ಕೈಬಿಟ್ಟ ವಿಕಾರವೆನ್ನುತ್ತಿದ್ದಳು. ಯಾರನ್ನಾದರೂ ದಡ್ಡರೆಂದು ಜರೆಯಬೇಕಾದರೆ ತನ್ನ ಮಗನಿಗಿಂತಲೂ ಕಡೆಯೆಂದು ಹೋಲಿಸುತ್ತಿದ್ದಳು. ಅಂತೋನಿಯಳು ಸಾಮಾನ್ಯ ಹೆಂಗಸಲ್ಲ. ಚಿಕ್ಕ ವಯಸ್ಸಿನಲ್ಲಿ ವಿಧವೆಯಾಗಿ, ಮರುಮದುವೆಯಾಗೆಂದು ಚಕ್ರವರ್ತಿಯೇ ಒತ್ತಾಯಪಡಿಸಿದರೂ ಒಪ್ಪದೆ, ಶುದ್ಧವಾದ ನಡತೆಯಿಂದ ರೋಮಿನಲ್ಲೆಲ್ಲಾ ಹೆಸರಾದವಳು. ಅಂಥವಳೂ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕುಂಟುಮಗುವಿನ ವಿಷಯದಲ್ಲಿ ಇಷ್ಟು ಕಠಿಣಳಾದದ್ದನ್ನು ಓದುವಾಗ ನಮಗೆ ಸಂಕಟವಾಗುತ್ತದೆ. ಅಜ್ಜಿ ಲಿವಿಯಳು ಮೊಮ್ಮಗನೊಡನೆ ಮಾತನಾಡುತ್ತಿದ್ದದ್ದೇ ಅಪರೂಪ. ಹೇಳಬೇಕಾದದ್ದನ್ನು ಚುಟುಕಾದ ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದಳು. ಅವನನ್ನು ಕಾಯುವುದಕ್ಕೆ ಗೊತ್ತುಮಾಡಿದ ಉಪಾಧ್ಯಾಯನು ಹಿಂದೆ ಹೇಸರಗತ್ತೆಗಳ ಮೇಲ್ವಿಚಾರಣೆ ಮಾಡುತ್ತಿದ್ದ ಒರಟು ಮನುಷ್ಯನು; ಏನಾದರೂ ನೆವದಿಂದ ಹೊಡೆಯುವುದಕ್ಕಾಗಿಯೇ ಅವನನ್ನು ತನ್ನ ಮೇಲೆ ಬಿಟ್ಟಿದ್ದರೆಂದು ಕ್ಲೌದ್ಯನು ಮುಂದೆ ತಾನೇ ಬರೆದಿಟ್ಟನು. ರೋಮಿನ ಹುಡುಗರಿಗೆ ಪ್ರಾಯ ಬಂದಾಗ ಬಿಳಿಯ ಟೋಗವನ್ನು ಉಡಿಸಿ ಬಂಧುಬಳಗದೊಡನೆ ಹಗಲು ಹೊತ್ತಿನಲ್ಲಿ ಮೆರೆಸಿಕೊಂಡು ಹೋಗುವುದು ಪದ್ಧತಿ. ಇವನನ್ನು ನಡುರಾತ್ರಿಯಲ್ಲಿ ಪಲ್ಲಕ್ಕಿಯಲ್ಲಿ ಕೂರಿಸಿ, ಯಾವ ಸಡಗರವೂ ಇಲ್ಲದೆ ಕ್ಯಾಪಿಟೋಲ್ ಗುಡ್ಡದ ಗುಡಿಗೆ ಹೊತ್ತುಕೊಂಡು ಹೋದರು.

ಔಗುಸ್ತನು ಮಾತ್ರ ಸ್ವಲ್ಪ ಇಬ್ಬಗೆಯಲ್ಲಿದ್ದನು. ಹುಡುಗನನ್ನು ಜನರ ಮುಂದೆ ಕೂರಿಸಿದರೆ ತಮ್ಮ ಮನೆತನವೇ ನಗೆಗೀಡಾಗುವುದೆಂದು ಹೆಂಡತಿಗೆ ಬರೆಯುತ್ತಿದ್ದ ಅವನು, ಒಂದು ದಿನ ಕ್ಲೌದ್ಯನು ಭಾಷಣ ಮಾಡುವುದನ್ನು ಕೇಳಿ, ಮಾತನಾಡುವಾಗ ಇಷ್ಟು ಅಸ್ಪಷ್ಟವಾಗಿರುವವನು ಭಾಷಣದಲ್ಲಿ ಇಷ್ಟು ಸ್ಪಷ್ಟನಾದದ್ದು ಹೇಗೆಂದು ಬೆರಗಾಗಿ ಅವಳಿಗೇ ಬರೆದನು. ಆದರೂ ಒಂದು ಚಿಕ್ಕ ಪೂಜಾರಿಪದವಿಯ ಹೊರತು ಬೇರೆ ಯಾವ ಅಧಿಕಾರವನ್ನೂ ಕೊಡಲಿಲ್ಲ. ಔಗುಸ್ತನ ತರುವಾಯ ಪಟ್ಟಕ್ಕೆ ಬಂದ ತಿಬೇರ್ಯನು ಕ್ಲೌದ್ಯನ ದೊಡ್ಡಪ್ಪನೇ ಆಗಿದ್ದರೂ, ಪದವಿಯ ಚಿಹ್ನೆಗಳನ್ನು ಕೊಟ್ಟನೇ ವಿನಾ ಪದವಿಯನ್ನು ಕೊಡಲಿಲ್ಲ.

ಇಂಥ ಸ್ಥಿತಿಯಲ್ಲಿ ಅವನಿಗೆ ಆಸರೆಯಾದದ್ದು ವಿದ್ಯೆ. ರೋಮಿನ ಮಹಾ ಚರಿತ್ರಕಾರನಾದ ಲಿವಿಯೆಂಬವನು ಈ ಹುಡುಗನಲ್ಲಿ ಏನೋ ಸತ್ವವನ್ನು ಕಂಡು ಚರಿತ್ರೆಯನ್ನು ಬರೆಯೆಂದು ಪ್ರೋತ್ಸಾಹಿಸಿದನು. ಮನೆಯವರು ಹೊರಗಿಟ್ಟವನನ್ನು ಒಬ್ಬ ಗುರುವು ಒಳಗೆ ಕರೆದುಕೊಂಡನೆನ್ನಬೇಕು. ಕ್ಲೌದ್ಯನು ಯೂಲ್ಯ ಕೈಸರನ ಕೊಲೆಯಿಂದ ಆರಂಭಿಸಿ ತನ್ನ ದೇಶದ ಚರಿತ್ರೆಯನ್ನು ಬರೆಯತೊಡಗಿದನು. ಆ ಅಂತರ್ಯುದ್ಧದಲ್ಲಿ ಔಗುಸ್ತನು ಮಾಡಿದ ಕೆಲಸಗಳೆಲ್ಲಾ ಹೇಳತಕ್ಕವುಗಳಾಗಿರಲಿಲ್ಲ. ತಾಯಿಯೂ ಅಜ್ಜಿಯೂ ಗದರಿಸಿದರು. ಎರಡು ಸುರುಳಿಗಳಿಗೆ ಆ ಭಾಗವನ್ನು ನಿಲ್ಲಿಸಿ, ಸಮಾಧಾನ ಏರ್ಪಟ್ಟ ಮೇಲಿನ ಕಾಲಕ್ಕೆ ಹಾರಿ ಮತ್ತೆ ೪೧ ಸುರುಳಿಗಳನ್ನು ಬರೆದನು. ಮೊದಲನೆಯ ಸಾರಿ ಸಭೆಯಲ್ಲಿ ಅದನ್ನು ಓದಿದಾಗ ಒಬ್ಬ ಸ್ಥೂಲಕಾಯನ ಭಾರಕ್ಕೆ ಪೀಠವು ಮುರಿದುಬಿದ್ದಿತಂತೆ. ಅದನ್ನು ನೆನೆನೆನೆದು ಗ್ರಂಥಕರ್ತನಿಗೇ ನಗು ತಡೆಯಲಾಗದೆ ಓದು ಕೆಟ್ಟುಹೋಯಿತಂತೆ. ಈ ಸಣ್ಣ ಸಂಗತಿಯಿಂದ ಆತನು ನಮಗೆ ಹತ್ತಿರದವನಾಗುತ್ತಾನೆ.

ಸಮೀಪಕಾಲದ ಸತ್ಯವನ್ನು ಬರೆಯುವುದು ಅಪಾಯವೆಂದು ತಿಳಿದದ್ದರಿಂದಲೋ ಏನೋ, ಅವನ ದೃಷ್ಟಿಯು ಬಹು ಹಿಂದಿನ ಕಾಲಕ್ಕೆ ತಿರುಗಿತು. ಇನ್ನೊಂದು ಕಾರಣವೂ ಇದ್ದಿರಬಹುದು. ಅವನ ಮೊದಲನೆಯ ಹೆಂಡತಿಯಾದ ಉರ್ಗುಲಾನಿಲ್ಲಳು ಎಟ್ರುಸ್ಕ ಮೂಲದ ದೊಡ್ಡ ಮನೆತನಕ್ಕೆ ಸೇರಿದವಳು. ಅಂಥ ಮನೆತನಗಳಲ್ಲಿ ಪೂರ್ವಿಕರ ಕಥೆಗಳೂ ವಂಶಾವಳಿಗಳೂ ಉಳಿದುಬಂದಿದ್ದುವು. ಅವುಗಳ ಪರಿಚಯವು ಈ ಸಂಬಂಧದಿಂದಲೇ ಆಯಿತೆಂದು ಪಂಡಿತರಲ್ಲಿ ಹಲವರ ಅಭಿಪ್ರಾಯ. ನಮಗೂ ಅದು ಸರಿಯೆಂದು ತೋರುತ್ತದೆ.

ಈ ಎಟ್ರುಸ್ಕರು ಯಾರು? ಇಟಲಿಯ ನಕ್ಷೆಯಲ್ಲಿ ಉತ್ತರಕ್ಕೆ ಆರ್ನೊ ನದಿಯನ್ನೂ ದಕ್ಷಿಣಕ್ಕೆ ಟೈಬರ್ ನದಿಯನ್ನೂ ಗುರುತಿಸಿದರೆ ಅವುಗಳ ನಡುವಿನ ಸೀಮೆಯೇ ಅವರದು. ಇಂದಿಗೂ ಅದರ ಬಹುಭಾಗಕ್ಕೆ ಟಸ್ಕನಿಯೆಂಬ ಹೆಸರು ಅವರಿಂದ ಬಂದದ್ದು. ಕ್ರಿ. ಪೂ. ಏಳನೆಯ ಶತಮಾನದ ಹೊತ್ತಿಗೆ, ರೋಮು ಇನ್ನೂ ಟೈಬರ್ ದಡದ ಗುಡ್ಡಗಳ ಮೇಲಿನ ಗುಡಿಸಲುಗಳ ಗುಂಪಾಗಿದ್ದಾಗ, ಇವರು ತಾರ್ಕ್ವಿನಿ, ಕೈರೆ, ವೇಯಿ, ವುಲ್ಚಿ ಮುಂತಾದ ಪಟ್ಟಣಗಳಲ್ಲಿ ಕಬ್ಬಿಣವನ್ನೂ ತಾಮ್ರವನ್ನೂ ಕರಗಿಸಿ, ಗ್ರೀಕರೊಡನೆಯೂ ಫಿನಿಷಿಯದವರೊಡನೆಯೂ ಹಡಗಿನ ವ್ಯಾಪಾರವನ್ನು ನಡೆಸುತ್ತಿದ್ದರು. ಒಬ್ಬ ಅರಸನಿಗೆ ಅಧೀನರಾಗದೆ ಹನ್ನೆರಡು ಪಟ್ಟಣಗಳ ಒಕ್ಕೂಟವನ್ನು ಮಾಡಿಕೊಂಡಿದ್ದರು. ಅವರ ಭಾಷೆಗೂ ಲ್ಯಾಟಿನಿಗೂ ಗ್ರೀಕಿಗೂ ನೆಂಟಸ್ತಿಕೆಯಿಲ್ಲ. ಅವರು ಏಷ್ಯದ ಲುದಿಯ ಸೀಮೆಯಿಂದ ಹಡಗು ಹತ್ತಿ ಬಂದವರೆಂದು ಹೆರೊಡೊಟಸನು ಬರೆದನು. ಆದರೆ ಗೋರಿಗಳಲ್ಲಿ ಸಿಕ್ಕಿದ ಎಲುಬುಗಳನ್ನು ಪರೀಕ್ಷಿಸಿದ ಈಚಿನ ವಿಜ್ಞಾನಿಗಳು ಅವರು ಇಟಲಿಯ ನೆರೆಯ ಜನರನ್ನೇ ಹೋಲುವರೆಂದು ೨೦೨೧ರಲ್ಲಿ ಪ್ರಕಟಿಸಿದ್ದಾರೆ.

ರೋಮನರು ಇವರಿಂದ ಪಡೆದದ್ದು ಸ್ವಲ್ಪವಲ್ಲ. ಎಟ್ರುಸ್ಕ ಮನೆತನದ ಅರಸರು ರೋಮನ್ನು ಆಳಿದ ಕಾಲದಲ್ಲಿಯೇ ಗುಡ್ಡಗಳ ನಡುವಿನ ಜೌಗು ನೆಲದ ನೀರನ್ನು ಕಾಲುವೆಯಿಂದ ಹೊರಡಿಸಿ, ಮುಂದೆ ಲೋಕಪ್ರಸಿದ್ಧವಾದ ಫೋರಮ್ ಎಂಬ ಸಂತೆಯ ಬಯಲನ್ನು ಮಾಡಿದರು. ಕ್ಯಾಪಿಟೋಲಿನ ಮಹಾ ದೇವಾಲಯವನ್ನು ಕಟ್ಟಿಸಿದವರೂ ಅವರೇ. ಅದರ ಮೂರ್ತಿಯನ್ನು ಮಾಡಲು ಶಿಲ್ಪಿಯು ವೇಯಿ ಪಟ್ಟಣದಿಂದ ಬಂದನು. ಅಧಿಕಾರಿಗಳ ದಂತದ ಪೀಠ, ಅವರ ಮುಂದೆ ಹಿಡಿಯುವ ಕೊಡಲಿ ಸೇರಿಸಿ ಕಟ್ಟಿದ ಬೆತ್ತದ ಕಂತೆ, ಕೆನ್ನೀಲಿ ಅಂಚಿನ ಟೋಗ, ಜಯೋತ್ಸವದ ಮೆರವಣಿಗೆ, ಬಲಿಪಶುವಿನ ಪಿತ್ತಜನಕಾಂಗವನ್ನು ನೋಡಿ ಶಕುನ ಹೇಳುವ ಕ್ರಮ, ಇವೆಲ್ಲಾ ಅವರವೇ. ನಮ್ಮ ಹೆಣ್ಣುಮಕ್ಕಳು ತರಗತಿಯಲ್ಲಿ ತಿದ್ದುವ ಇಂಗ್ಲಿಷ್ ಅಕ್ಷರಮಾಲೆಯೂ ಅವರ ಕೈ ದಾಟಿ ಬಂದದ್ದೆಂದರೆ ಆಶ್ಚರ್ಯವಾದೀತು. ಗ್ರೀಕರ ಮೂರನೆಯ ಅಕ್ಷರ ಗಕಾರ. ಎಟ್ರುಸ್ಕರ ನುಡಿಯಲ್ಲಿ ಗಕಾರವಿಲ್ಲದ್ದರಿಂದ ಅವರು ಅದನ್ನು ಕಕಾರವಾಗಿ ಉಚ್ಚರಿಸಿದರು. ಅವರಿಂದ ಕಲಿತ ರೋಮನರಿಗೆ ಅದು ಸಿ ಎಂಬ ಅಕ್ಷರವಾಯಿತು. ಬಹುಕಾಲದ ಮೇಲೆ ಗಕಾರವು ಬೇಕಾದಾಗ ಅದೇ ಸಿ ಅಕ್ಷರಕ್ಕೆ ಒಂದು ಗೀಟನ್ನು ಸೇರಿಸಿ ಜಿ ಅಕ್ಷರವನ್ನು ಮಾಡಿಕೊಂಡರು.

ಮತ್ತೊಂದು ವಿಷಯವನ್ನು ನಮ್ಮ ವಾಚಕಿಯರಿಗೆ ಹೇಳದೆ ಬಿಡಲಾರೆವು. ರೋಮಿನ ಹೆಣ್ಣಿಗೆ ತನ್ನದೆಂಬ ಹೆಸರೇ ಸಾಮಾನ್ಯವಾಗಿ ಇರುತ್ತಿರಲಿಲ್ಲ. ತಂದೆಯ ಕುಲನಾಮವೇ ಸ್ತ್ರೀಲಿಂಗವಾಗಿ ಅವಳ ಹೆಸರಾಗುತ್ತಿತ್ತು. ಕ್ಲೌದ್ಯರ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಹುಟ್ಟಿದರೂ ಎಲ್ಲರೂ ಕ್ಲೌದ್ಯಳೇ. ಎಟ್ರುಸ್ಕರ ಗೋರಿಗಳ ಮೇಲಾದರೋ ರಾಮ್ತ, ಲಾರ್ತಿ, ಥಾನ ಎಂದು ಹೆಣ್ಣುಮಕ್ಕಳ ಸ್ವಂತ ಹೆಸರುಗಳು ಕೆತ್ತಲ್ಪಟ್ಟಿವೆ; ಸತ್ತವನು ಇಂಥ ತಂದೆಯ ಮಗನೆಂದು ಹೇಳುವುದರ ಜೊತೆಗೆ ಇಂಥ ತಾಯಿಯ ಮಗನೆಂದೂ ಅನೇಕ ಕಡೆ ಬರೆದಿದೆ. ಕೈರೆಯ ಗೋರಿಯೊಂದರಲ್ಲಿ ದೊರೆತು ಈಗ ರೋಮಿನ ವಿಲ್ಲಾ ಜೂಲಿಯ ವಸ್ತುಸಂಗ್ರಹಾಲಯದಲ್ಲಿರುವ ಸುಟ್ಟ ಮಣ್ಣಿನ ಪ್ರತಿಮೆಯಲ್ಲಿ ಗಂಡನೂ ಹೆಂಡತಿಯೂ ಔತಣದ ಒಂದೇ ಮಂಚದಲ್ಲಿ ಒರಗಿ ಮುಗುಳ್ನಗುತ್ತಿದ್ದಾರೆ. ಹೀಗೆ ಹೆಂಗಸರು ಗಂಡಂದಿರ ಸರಿಸಮವಾಗಿ ಕುಳಿತು ಊಟಮಾಡುವುದನ್ನು ಕಂಡ ಗ್ರೀಕರು ಅದನ್ನು ನಾಚಿಕೆಗೇಡೆಂದು ಬರೆದರು. ರೋಮನರು ಹೇಳಿಕೊಂಡು ಬಂದ ಕಥೆಗಳಲ್ಲಿಯೂ ತಾನಾಕ್ವಿಲಳೆಂಬ ಎಟ್ರುಸ್ಕ ಸ್ತ್ರೀಯು ತಾರ್ಕ್ವಿನಿಯಲ್ಲಿ ಮರ್ಯಾದೆ ಸಿಕ್ಕದಿದ್ದ ಗಂಡನನ್ನು ರೋಮಿಗೆ ಹೊರಡಿಸಿ ಅರಸನಾಗುವಂತೆ ಮಾಡಿದಳು. ಅವನು ಕೊಲೆಯಾದಾಗ ಅರಮನೆಯ ಬಾಗಿಲುಗಳನ್ನು ಹಾಕಿಸಿ, ಮೇಲಿನ ಕಿಟಕಿಯಿಂದ ಜನರಿಗೆ ಧೈರ್ಯ ಹೇಳಿ, ತನ್ನ ಅಳಿಯನಾದ ಸೆರ್ವಿಯ ತುಲ್ಲಿಯನಿಗೆ ರಾಜ್ಯವನ್ನು ದೊರಕಿಸಿದಳು. ಈ ಸೆರ್ವಿಯನ ಹೆಸರನ್ನು ವಾಚಕರು ಜ್ಞಾಪಕದಲ್ಲಿಟ್ಟಿರಬೇಕು.

ಕಡೆಯ ಅರಸನನ್ನು ರೋಮನರು ಕ್ರಿ. ಪೂ. ೫೦೯ರಲ್ಲಿ ಓಡಿಸಿದರೆಂದು ಅವರ ಲೆಕ್ಕ. ಕ್ರಿ. ಪೂ. ೩೯೬ರಲ್ಲಿ ವೇಯಿಯು ಬಿದ್ದಿತು. ಅನಂತರ ಒಂದೊಂದಾಗಿ ಉಳಿದ ಪಟ್ಟಣಗಳೂ ರೋಮಿನ ವಶವಾದುವು. ಜನರು ಅಳಿಯಲಿಲ್ಲ, ಲ್ಯಾಟಿನ್ ಮಾತನಾಡತೊಡಗಿದರು. ಕ್ಲೌದ್ಯನ ಕಾಲಕ್ಕೆ ಎಟ್ರುಸ್ಕ ನುಡಿಯನ್ನು ಬಲ್ಲವರು ಕೆಲವು ಮುದುಕರೂ ಪೂಜಾರಿಗಳೂ ಮಾತ್ರವೇ ಇದ್ದಿರಬೇಕು. ಅಂಥ ಸಮಯದಲ್ಲಿ ಅವನು ಅವರ ಕಥೆಯನ್ನು ಗ್ರೀಕ್ ಭಾಷೆಯಲ್ಲಿ ೨೦ ಸುರುಳಿಗಳಾಗಿ ಬರೆದನು. ಕಾರ್ಥೇಜಿನವರ ಚರಿತ್ರೆಯನ್ನು ೮ ಸುರುಳಿಗಳಲ್ಲಿ ಬರೆದನು. ಎರಡೂ ರೋಮಿನಿಂದ ಸೋತವರ ಚರಿತ್ರೆಗಳು.

ಉರ್ಗುಲಾನಿಲ್ಲಳೊಡನೆ ಅವನ ಸಂಸಾರವು ಸುಖವಾಗಲಿಲ್ಲ. ಮಗನಾದ ದ್ರೂಸನು ಎಳೆಯ ಪ್ರಾಯದಲ್ಲಿ ಆಟವಾಡುತ್ತ ಬೇರಿಕಾಯಿಯನ್ನು ಮೇಲಕ್ಕೆಸೆದು ಬಾಯಲ್ಲಿ ಹಿಡಿಯಹೋಗಿ ಉಸಿರುಕಟ್ಟಿ ಸತ್ತನು. ಅವಳ ನಡತೆಯಲ್ಲಿ ಸಂಶಯಪಟ್ಟು ಕ್ಲೌದ್ಯನು ಅವಳನ್ನು ಬಿಟ್ಟನು. ಬಿಟ್ಟ ಐದು ತಿಂಗಳೊಳಗಾಗಿ ಹುಟ್ಟಿದ ಹೆಣ್ಣು ಕೂಸನ್ನು ತನ್ನದಲ್ಲವೆಂದು ಹೇಳಿ, ಬರಿಮೈಯಲ್ಲಿ ಅದರ ತಾಯಿಯ ಬಾಗಿಲಲ್ಲಿ ಹಾಕಿಸಿದನು. ಆ ಕೂಸಿನ ಗತಿಯೇನಾಯಿತೆಂದು ಯಾರೂ ಬರೆದಿಡಲಿಲ್ಲ. ಬೇಡದ ಮಗುವಾಗಿ ಬೆಳೆದ ಸಂಕಟವನ್ನು ಅನುಭವಿಸಿದ್ದ ಮನುಷ್ಯನೇ ಇದನ್ನು ಮಾಡಿದನೆಂಬುದನ್ನು ನಾವು ಮುಚ್ಚಿಡುವುದು ಸರಿಯಲ್ಲ. ಆತನ ಒಳ್ಳೆಯ ಕೆಲಸಗಳನ್ನು ಮುಂದೆ ಹೇಳಲಿರುವ ನಮಗೆ ಈ ಬಾಗಿಲನ್ನು ದಾಟಿಹೋಗುವುದು ಕಷ್ಟವಾಗುತ್ತದೆ.

ಕ್ರಿ. ಶ. ೩೭ರಲ್ಲಿ ತಿಬೇರ್ಯನು ಸತ್ತು, ಜರ್ಮಾನಿಕನ ಮಗನಾದ ಕಲಿಗುಲನು ಪಟ್ಟಕ್ಕೆ ಬಂದನು. ಅವನು ಚಿಕ್ಕಪ್ಪನಿಗೆ ಒಮ್ಮೆ ಕಾನ್ಸಲ್ ಪದವಿಯನ್ನು ಕೊಟ್ಟನು. ಆದರೆ ಊಟದ ಮನೆಯಲ್ಲಿ ಹಾಸ್ಯಕ್ಕೆ ಗುರಿಯಾಗಿಯೂ ಇಟ್ಟುಕೊಂಡನು. ಮುದುಕನು ಉಂಡು ತೂಕಡಿಸಿದರೆ ಆಲಿವ್ ಹಣ್ಣಿನ ಬೀಜಗಳನ್ನು ಮುಖದ ಮೇಲೆ ಎಸೆಯುತ್ತಿದ್ದರಂತೆ. ಮಂದಮತಿಯೆಂಬ ಹೆಸರೇ ಅವನ ಪ್ರಾಣವನ್ನು ಕಾಪಾಡಿತು. ಬುದ್ಧಿವಂತರೆನಿಸಿದ ಬಂಧುಗಳೆಲ್ಲಾ ಒಬ್ಬರ ಹಿಂದೊಬ್ಬರು ಕೊಲೆಯಾಗಿದ್ದರು. ೪೧ನೆಯ ವರುಷ ಜನವರಿ ೨೪ರಂದು ಕಾವಲುಭಟರು ಕಲಿಗುಲನನ್ನು ಕೊಂದರು. ಗದ್ದಲಕ್ಕೆ ಹೆದರಿದ ಕ್ಲೌದ್ಯನು ಮಾಳಿಗೆಯ ಬಾಗಿಲ ತೆರೆಯ ಹಿಂದೆ ಅಡಗಿಕೊಂಡನು. ಕೆಳಗೆ ಕಾಣುತ್ತಿದ್ದ ಪಾದಗಳನ್ನು ನೋಡಿ ಒಬ್ಬ ಸಿಪಾಯಿಯು ಹೊರಗೆಳೆದನು. ತನ್ನನ್ನೂ ಕೊಲ್ಲುವರೆಂದು ಕ್ಲೌದ್ಯನು ಅವನ ಕಾಲಿಗೆ ಬಿದ್ದರೆ, ಆ ಸಿಪಾಯಿಯು ಅವನನ್ನು ಚಕ್ರವರ್ತಿಯೆಂದು ವಂದಿಸಿದನು. ಪಲ್ಲಕ್ಕಿಯಲ್ಲಿ ಕೂರಿಸಿ ದಂಡಿನ ಪಾಳೆಯಕ್ಕೆ ಹೊತ್ತುಕೊಂಡು ಹೋಗುವಾಗ ಬೀದಿಯ ಜನರು ಇವನನ್ನು ಕೊಲ್ಲುವುದಕ್ಕೆ ಒಯ್ಯುತ್ತಾರೆಂದೆಣಿಸಿ ಮರುಗಿದರಂತೆ. ಒಬ್ಬೊಬ್ಬ ಭಟನಿಗೆ ೧೫,೦೦೦ ಸೆಸ್ಟರ್ಸ್ ನಾಣ್ಯಗಳನ್ನು ಕೊಡುವೆನೆಂದು ಮಾತುಕೊಟ್ಟು ಅವನು ರಾಜ್ಯವನ್ನು ಪಡೆದನು. ಹಣದಿಂದ ದಂಡನ್ನು ಒಲಿಸಿಕೊಂಡ ಈ ಮಾದರಿಯು ರೋಮಿಗೆ ಮುಂದೆ ಬಹಳ ಕೇಡನ್ನು ತಂದಿತು. ಸೆನೆಟ್ ಸಭೆಯೊಡನೆ ಸಂಧಾನ ಮಾಡಿಸಿದವನು ಅವನ ಬಾಲ್ಯದ ಗೆಳೆಯನಾದ ಅಗ್ರಿಪ್ಪನು. ಅಪೊಸ್ತಲನಾದ ಯಾಕೋಬನನ್ನು ಕೊಲ್ಲಿಸಿದ ಅರಸನಾದ ಹೆರೋದನೆಂದು ನಾವು ಓದುವುದು ಈತನನ್ನೇ.

ಹದಿಮೂರು ವರುಷ ಆಳಿದ ಕ್ಲೌದ್ಯನು ಎಲ್ಲರ ಎಣಿಕೆಯನ್ನೂ ಸುಳ್ಳುಮಾಡಿದನು. ೪೩ರಲ್ಲಿ ಬ್ರಿಟನ್ ದ್ವೀಪದ ದಕ್ಷಿಣ ಭಾಗವು ರೋಮಿನ ಪ್ರಾಂತವಾಯಿತು. ಬರಗಾಲದಲ್ಲಿ ಧಾನ್ಯದ ಹಡಗುಗಳು ತಂಗುವುದಕ್ಕೆ ಸ್ಥಳವಿಲ್ಲದ್ದನ್ನು ಕಂಡು ಟೈಬರ್ ನದಿಯ ಮುಖದಲ್ಲಿ ದೊಡ್ಡ ಬಂದರನ್ನು ಕಟ್ಟಿಸತೊಡಗಿದನು. ಕಲಿಗುಲನು ಆರಂಭಿಸಿ ಬಿಟ್ಟಿದ್ದ ಕಾಲುವೆಗಳನ್ನು ೫೨ರಲ್ಲಿ ಮುಗಿಸಿ, ೪೩ ಮೈಲಿ ದೂರದ ಊಟೆಗಳಿಂದ ರೋಮಿಗೆ ಸಿಹಿನೀರನ್ನು ತಂದನು. ಅದರ ಎತ್ತರವಾದ ಕಮಾನುಗಳು ಇಂದಿಗೂ ಊರ ಹೊರಗಿನ ಹೊಲಗಳಲ್ಲಿ ನಿಂತಿವೆ. ಫೂಕಿನ ಸರೋವರದ ನೀರನ್ನು ಹರಿಯಿಸಿ ಹೊಲಮಾಡಬೇಕೆಂದು ೩೦,೦೦೦ ಆಳುಗಳನ್ನಿಟ್ಟು ಹನ್ನೊಂದು ವರುಷ ಬೆಟ್ಟವನ್ನು ಕೊರೆಯಿಸಿದನು. ಆ ಕೆಲಸವು ಪೂರ್ಣವಾಗಿ ಫಲಿಸಲಿಲ್ಲ. ರೋಗಿಗಳಾದ ಗುಲಾಮರನ್ನು ಯಜಮಾನರು ಟೈಬರ್ ನದಿಯ ದ್ವೀಪದಲ್ಲಿ ಬಿಟ್ಟುಬರುತ್ತಿದ್ದ ಕಾಲ ಅದು. ಹಾಗೆ ಬಿಡಲ್ಪಟ್ಟವರು ಗುಣಹೊಂದಿದರೆ ಸ್ವತಂತ್ರರೆಂದೂ, ಬಿಡುವ ಬದಲು ಕೊಂದರೆ ಅದು ಕೊಲೆಯೆಂದೂ ಕ್ಲೌದ್ಯನು ಶಾಸನವನ್ನು ಮಾಡಿದನು. ಅದೇ ಕೈಯಿಂದ ೩೫ ಮಂದಿ ಸೆನೆಟರುಗಳಿಗೆ ಮರಣದಂಡನೆಯನ್ನೂ ವಿಧಿಸಿದನು. ಅಖಾಡದಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ಇರಿದು ಸಾಯುವುದನ್ನು ಆಸೆಪಟ್ಟು ನೋಡುತ್ತಿದ್ದನು.

ಯೆಹೂದ್ಯರನ್ನು ಅವನು ರೋಮಿನಿಂದ ಹೊರಡಿಸಿದ್ದು ಸುಮಾರು ೪೯ರಲ್ಲಿ. ಕ್ರೆಸ್ತನೆಂಬವನ ಪ್ರೇರಣೆಯಿಂದ ಅವರಲ್ಲಿ ಗಲಭೆಗಳಾಗುತ್ತಿದ್ದುವೆಂದು ಸುವೆಟೋನಿಯನೆಂಬ ರೋಮನ್ ಗ್ರಂಥಕರ್ತನು ಕಾರಣ ಕೊಟ್ಟಿದ್ದಾನೆ. ಕ್ರಿಸ್ತನ ಹೆಸರನ್ನು ಅನ್ಯರ ಬಾಯಿಂದ ತಪ್ಪಾಗಿ ಕೇಳಿ ಬರೆದದ್ದೆಂದು ಅನೇಕ ಪಂಡಿತರು ತಿಳಿಯುತ್ತಾರೆ. ಆ ಆಜ್ಞೆಯು ಎಷ್ಟೋ ಸಂಸಾರಗಳನ್ನು ಬೀದಿಪಾಲು ಮಾಡಿರಬೇಕು. ಹಾಗೆ ಹೊರಟವರಲ್ಲಿ ಗುಡಾರ ಹೊಲಿಯುವ ಪ್ರಿಸ್ಕಿಲ್ಲಳೂ ಒಬ್ಬಳು. ಕೊರಿಂಥದಲ್ಲಿ ಪೌಲನಿಗೆ ಮನೆಯಿತ್ತವಳೂ, ವಾಗ್ಮಿಯಾದ ಅಪೊಲ್ಲೋಸನನ್ನು ಕರೆದು ಗಂಡನೊಡನೆ ಕೂಡಿ ಉಪದೇಶಿಸಿದವಳೂ ಇವಳೇ. ಇನ್ನೊಂದು ಸಂಗತಿ: ಗ್ರೀಸ್ ದೇಶದ ಡೆಲ್ಫಿಯಲ್ಲಿ ಕ್ಲೌದ್ಯನು ಸುಮಾರು ೫೨ರಲ್ಲಿ ಬರೆಯಿಸಿದ ಪತ್ರವೊಂದು ಕೆತ್ತಿದ ಕಲ್ಲಿನ ಚೂರುಗಳು ದೊರೆತಿವೆ. ಅದರಲ್ಲಿ ಗಲ್ಲಿಯೋನನ ಹೆಸರಿದೆ. ಪೌಲನನ್ನು ಯೆಹೂದ್ಯರು ನ್ಯಾಯಾಸನದ ಮುಂದೆ ಎಳೆದುಕೊಂಡು ಹೋದದ್ದು ಈ ಗಲ್ಲಿಯೋನನ ಬಳಿಗೇ. ಪೌಲನು ಕೊರಿಂಥದಲ್ಲಿದ್ದ ವರುಷವನ್ನು ನಾವು ಇಷ್ಟು ನಿಶ್ಚಯವಾಗಿ ಹೇಳಬಲ್ಲದ್ದು ಆ ಚೂರುಗಳಿಂದ.

ಸಿಂಹಾಸನಕ್ಕೆ ಬಂದ ಮೇಲೂ ಕ್ಲೌದ್ಯನು ತನ್ನ ಎಟ್ರುಸ್ಕರನ್ನು ಮರೆಯಲಿಲ್ಲ. ೪೭ರಲ್ಲಿ, ಇಟಲಿಯ ಅತಿ ಪುರಾತನ ವಿದ್ಯೆಯಾದ ಎಟ್ರುಸ್ಕ ಶಕುನಶಾಸ್ತ್ರವು ಉದಾಸೀನದಿಂದ ನಶಿಸಬಾರದೆಂದು ಸೆನೆಟಿನ ಮುಂದೆ ವಾದಿಸಿ ಅದರ ಪೂಜಾರಿಗಳ ಸಂಘವನ್ನು ಬಲಪಡಿಸಿದನು. ಕ್ರೈಸ್ತರಾದ ನಮಗೆ ಶಕುನದಲ್ಲಿ ನಂಬಿಕೆಯಿಲ್ಲ. ಆದರೆ ಒಂದು ಜನಾಂಗದ ಗ್ರಂಥಗಳೂ ಭಾಷೆಯೂ ಆ ಪೂಜಾರಿಗಳ ಬಳಿಯಲ್ಲಿ ಮಾತ್ರ ಉಳಿದಿದ್ದುವೆಂಬುದನ್ನು ನೆನೆದರೆ ಅವನ ಕಳವಳವು ಅರ್ಥವಾಗುತ್ತದೆ. ಅದೇ ಕಾಲದಲ್ಲಿ ಲ್ಯಾಟಿನ್ ಅಕ್ಷರಮಾಲೆಗೆ ಮೂರು ಹೊಸ ಅಕ್ಷರಗಳನ್ನು ಸೇರಿಸಿದನು. ಲ್ಯಾಟಿನಿನಲ್ಲಿ ಉಕಾರಕ್ಕೂ ವಕಾರಕ್ಕೂ ಒಂದೇ ಚಿಹ್ನೆಯಿದ್ದಿತು; ಎರಡನ್ನೂ ಬೇರೆಮಾಡಬೇಕೆಂಬುದು ಅವನ ಒಂದು ತಿದ್ದುಪಾಟು. ಕನ್ನಡದ ಮಕ್ಕಳಿಗೆ ಇದು ನ್ಯಾಯವೆಂದೇ ತೋರುವುದು. ಆದರೆ ಅವನು ಸತ್ತೊಡನೆ ಆ ಅಕ್ಷರಗಳನ್ನೂ ಜನರು ಕೈಬಿಟ್ಟರು.

೪೮ರಲ್ಲಿ ಗಾಲ್ ದೇಶದ ಮುಖಂಡರು ತಮಗೂ ಸೆನೆಟಿನಲ್ಲಿ ಸ್ಥಾನ ಬೇಕೆಂದು ಕೇಳಿಕೊಂಡರು. ನಿನ್ನೆಮೊನ್ನೆಯ ವೈರಿಗಳನ್ನು ಸರಿಸಮವಾಗಿ ಕೂರಿಸುವುದಕ್ಕೆ ಹಳೆಯ ಮನೆತನದವರು ಒಪ್ಪಲಿಲ್ಲ. ಆಗ ಗಾಲಿನಲ್ಲಿಯೇ ಹುಟ್ಟಿದ್ದ ಚಕ್ರವರ್ತಿಯು ಎದ್ದು ನಿಂತು, ರೋಮು ದೊಡ್ಡದಾದದ್ದೇ ಹೊರಗಿನವರನ್ನು ಒಳಗೆ ಸೇರಿಸಿಕೊಂಡದ್ದರಿಂದ ಎಂಬುದನ್ನು ಚರಿತ್ರೆಯಿಂದ ತೋರಿಸಿದನು. ಎರಡನೆಯ ಅರಸನಾದ ನೂಮನು ಸಬೀನರವನು. ತಾರ್ಕ್ವಿನನು ಕೊರಿಂಥದಿಂದ ಬಂದ ಗ್ರೀಕನಿಗೆ ಎಟ್ರುಸ್ಕ ತಾಯಿಯಲ್ಲಿ ಹುಟ್ಟಿದವನು. ಸೆರ್ವಿಯ ತುಲ್ಲಿಯನನ್ನು ಕುರಿತು ಮಾತ್ರ ಅವನು ಯಾರೂ ಕೇಳದಿದ್ದ ಕಥೆಯೊಂದನ್ನು ಹೇಳಿದನು. ರೋಮನರ ಪ್ರಕಾರ ಸೆರ್ವಿಯನು ಸೆರೆಯಾಳು ಹೆಂಗಸೊಬ್ಬಳ ಮಗನು. ಎಟ್ರುಸ್ಕರ ಪ್ರಕಾರವಾದರೋ ಅವನ ನಿಜವಾದ ಹೆಸರು ಮಸ್ತಾರ್ನ. ಕೈಲಿಯ ವಿಬೆನ್ನನೆಂಬ ಎಟ್ರುಸ್ಕ ವೀರನಿಗೆ ಪ್ರಾಣಸ್ನೇಹಿತನಾಗಿದ್ದು, ಅವನ ದಂಡಿನಲ್ಲಿ ಉಳಿದವರೊಡನೆ ರೋಮಿಗೆ ಬಂದು, ತಾನು ಹಿಡಿದ ಗುಡ್ಡಕ್ಕೆ ನಾಯಕನ ಹೆಸರನ್ನಿಟ್ಟು, ಕಡೆಗೆ ಅರಸನಾದನು. ಅಂದು ಚಕ್ರವರ್ತಿಯ ಬಿನ್ನಹವು ಗೆದ್ದಿತು. ಭಾಷಣವನ್ನು ಅವನ ಹುಟ್ಟೂರಿನವರು ಕಂಚಿನ ಹಲಗೆಯ ಮೇಲೆ ಕೆತ್ತಿಸಿಟ್ಟರು. ೧೫೨೮ರಲ್ಲಿ ಲಿಯಾನ್ ನಗರದ ದ್ರಾಕ್ಷಿತೋಟವೊಂದರಲ್ಲಿ ಅದು ಅಗೆತಕ್ಕೆ ಸಿಕ್ಕಿತು. ಈಗಲೂ ಆ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಮನೆಯಲ್ಲಿ ಅವನಿಗೆ ಜಯವಿರಲಿಲ್ಲ. ಮೂರನೆಯ ಹೆಂಡತಿ ಮೆಸ್ಸಲೀನಳು ದುರ್ನಡತೆಗೆ ಹೆಸರಾಗಿ ೪೮ರಲ್ಲಿ ಮರಣದಂಡನೆಗೆ ಗುರಿಯಾದಳು. ಮರುವರುಷ ಅವನು ಜರ್ಮಾನಿಕನ ಮಗಳಾದ ಅಗ್ರಿಪ್ಪಿನಳನ್ನು ಮದುವೆಯಾದನು. ನಮ್ಮ ನಾಡಿನ ಕೆಲವು ಕುಲಗಳಲ್ಲಿ ಅಕ್ಕನ ಮಗಳನ್ನು ತರುವ ವಾಡಿಕೆಯುಂಟಷ್ಟೆ. ಅಣ್ಣನ ಮಗಳಾದರೋ ಮಗಳೇ. ರೋಮಿನಲ್ಲಿಯೂ ಇದು ನಿಷಿದ್ಧವಾಗಿದ್ದು, ಇದಕ್ಕಾಗಿಯೇ ಸೆನೆಟು ಹೊಸ ಕಟ್ಟಳೆಯನ್ನು ಮಾಡಬೇಕಾಯಿತು. ಅವಳ ಮಾತಿನಂತೆ, ತನ್ನ ಸ್ವಂತ ಮಗನಾದ ಬ್ರಿಟಾನಿಕನಿರುವಾಗಲೇ ಅವಳ ಮೊದಲ ಮದುವೆಯ ಮಗನನ್ನು ದತ್ತು ತೆಗೆದುಕೊಂಡನು. ಆ ದತ್ತುಮಗನೇ ನೀರೋ. ೫೪ನೆಯ ವರುಷ ಅಕ್ಟೋಬರ್ ೧೩ರಂದು ಕ್ಲೌದ್ಯನು ಸತ್ತನು. ಅವನ ಮೆಚ್ಚಿನ ಅಣಬೆಯ ಪಲ್ಯದಲ್ಲಿ ಹೆಂಡತಿಯೇ ವಿಷವನ್ನಿಡಿಸಿದಳೆಂದು ಪುರಾತನರೆಲ್ಲರೂ ಬಹುಮಟ್ಟಿಗೆ ನಂಬಿದರು. ನಾಲ್ಕು ತಿಂಗಳಲ್ಲಿ ಬ್ರಿಟಾನಿಕನೂ ಸತ್ತನು. ಸತ್ತ ಚಕ್ರವರ್ತಿಯನ್ನು ದೇವರೆಂದು ಸಾರಿದರು. ಹಾಗೆ ಸಾರಿದ ಮೇಲೆ ಅವನ ಉಗ್ಗನ್ನೂ ಕುಂಟನ್ನೂ ಅಣಕಿಸಿ ಬರೆದ ಪುಸ್ತಕವನ್ನು ಓದಿ ನಕ್ಕರು. ಅದನ್ನು ಬರೆದವನು ಗಲ್ಲಿಯೋನನ ತಮ್ಮನೂ ನೀರೋವಿನ ಗುರುವೂ ಆದ ಸೆನೆಕನು. ಆ ಅಣಕದ ಪುಸ್ತಕವು ಇಂದಿಗೂ ಉಳಿದಿದೆ.

ಕ್ಲೌದ್ಯನು ಬರೆದದ್ದು ಉಳಿಯಲಿಲ್ಲ. ಅಲೆಕ್ಸಾಂದ್ರಿಯದ ಪ್ರಸಿದ್ಧವಾದ ವಿದ್ಯಾಲಯಕ್ಕೆ ಅವನ ಹೆಸರಿನಲ್ಲಿ ಹೊಸ ಕಟ್ಟಡವೊಂದನ್ನು ಸೇರಿಸಿ, ಪ್ರತಿವರುಷವೂ ಗೊತ್ತಾದ ದಿನಗಳಲ್ಲಿ ಒಂದರಲ್ಲಿ ಎಟ್ರುಸ್ಕರ ಚರಿತ್ರೆಯನ್ನೂ ಇನ್ನೊಂದರಲ್ಲಿ ಕಾರ್ಥೇಜಿನ ಚರಿತ್ರೆಯನ್ನೂ ಓದುಗರು ಸರದಿಯಂತೆ ಮೊದಲಿನಿಂದ ಕಡೆಯ ತನಕ ಗಟ್ಟಿಯಾಗಿ ಓದಬೇಕೆಂದು ಏರ್ಪಾಡಾಗಿತ್ತು. ಆ ಓದು ಎಂದು ನಿಂತಿತೋ, ಸುರುಳಿಗಳು ಎಲ್ಲಿ ಹಾಳಾದುವೋ, ಒಂದು ಪುಟವೂ ನಮಗೆ ದೊರೆತಿಲ್ಲ. ಅದರೊಡನೆ ಎಟ್ರುಸ್ಕ ನುಡಿಯ ಬೀಗದ ಕೈಯೂ ಹೋಯಿತು. ಆ ಭಾಷೆಯ ಸುಮಾರು ೧೩,೦೦೦ ಶಾಸನಗಳು ಸಿಕ್ಕಿವೆ. ಅಕ್ಷರಗಳನ್ನು ಓದಬಹುದು, ಹೆಸರುಗಳೂ ಕೆಲವು ನೂರು ಶಬ್ದಗಳೂ ತಿಳಿದಿವೆ. ಉದ್ದವಾದ ಬರಹಗಳನ್ನು ಮಾತ್ರ ಇಂದಿನ ಪಂಡಿತರು ತಡವರಿಸುತ್ತಲೇ ಓದುತ್ತಾರೆ.

ಸೆರ್ವಿಯನೇ ಮಸ್ತಾರ್ನನೆಂದು ಕ್ಲೌದ್ಯನು ಹೇಳಿದ್ದನ್ನು ಬಹುಕಾಲದವರೆಗೆ ಕೆಲವರು ಮುದುಕನ ಕಲ್ಪನೆಯೆಂದೇ ಬಗೆದಿದ್ದರು. ೧೮೫೭ರಲ್ಲಿ ಅಲೆಸ್ಸಾಂಡ್ರೊ ಫ್ರಾಂಸ್ವಾ ಎಂಬವನು ವುಲ್ಚಿಯಲ್ಲಿ ಒಂದು ಗೋರಿಯನ್ನು ತೆರೆದನು. ಎರಡು ಸಾವಿರ ವರುಷಗಳಿಗಿಂತ ಹೆಚ್ಚು ಕಾಲ ಮುಚ್ಚಿದ್ದ ಅದರ ಗೋಡೆಗಳಲ್ಲಿ ಚಿತ್ರಗಳು ಕಂಡುಬಂದುವು. ಒಬ್ಬೊಬ್ಬರ ಬಳಿಯಲ್ಲಿಯೂ ಅವರವರ ಹೆಸರು ಎಟ್ರುಸ್ಕ ಅಕ್ಷರಗಳಲ್ಲಿ ಬರೆದಿತ್ತು. ಕ್ಲೌದ್ಯನು ಹುಟ್ಟುವುದಕ್ಕೆ ಸುಮಾರು ಮುನ್ನೂರು ವರುಷ ಮುಂಚೆ ಬರೆದ ಚಿತ್ರಗಳವು. ಒಂದು ಮೂಲೆಯಲ್ಲಿ ಕೈಗಳನ್ನು ಕಟ್ಟಿಸಿಕೊಂಡ ಸೆರೆಯಾಳೊಬ್ಬನು ತೋಳುಗಳನ್ನು ಮುಂದಕ್ಕೆ ಚಾಚಿ ನಿಂತಿದ್ದಾನೆ; ಅವನು ಕೈಲಿಯ ವಿಬೆನ್ನ. ಎದುರಿಗೆ ನಿಂತು ಆ ಹಗ್ಗವನ್ನು ಕತ್ತಿಯಿಂದ ಕೊಯ್ಯುತ್ತಿರುವವನ ಹೆಸರು ಮಸ್ತಾರ್ನ.